ಮೊದಲ ಸಲ ಕೈರೋಪ್ರ್ಯಾಕ್ಟರ್ ಹತ್ರ ಹೋಗ್ತಿದ್ದೇನೆ, ಹೋಗೋ ಮುಂಚೆ ಏನೇನು ನೋಡ್ಕೋಬೇಕು?

ಘಟ್ಟದ ಟೆಂಪೋ, ಕುಮಟಾ

ಎಲ್ಲರಿಗೂ ನಮಸ್ಕಾರ. ಕುಮಟಾ–ಶಿರಸಿ ಮಧ್ಯೆ ಟೆಂಪೋ ಓಡಿಸುವವ ನಾನು, ವಯಸ್ಸು ನಲವತ್ತು ದಾಟಿದೆ. ಹೋದ ಮಳೆಗಾಲದಲ್ಲಿ ಹಿಡಿದ ಸೊಂಟ ಇನ್ನೂ ಬಿಟ್ಟಿಲ್ಲ. ದೇವಿಮನೆ ಘಟ್ಟ ಹತ್ತಿ ಇಳಿದ್ರೆ ಸಾಕು, ಗಾಡಿಯಿಂದ ಕೆಳಗಿಳಿಯುವಾಗ ಬಾಗಿಲು ಹಿಡ್ಕೊಂಡು ಸ್ವಲ್ಪ ಹೊತ್ತು ನಿಲ್ಲಬೇಕು, ಆಮೇಲೇ ಕಾಲು ಮುಂದೆ ಹೋಗೋದು. ಬಲಗಾಲಿನ ಹಿಂಭಾಗದಲ್ಲಿ ಮಂಡಿವರೆಗೆ ಸೆಳೆತ. ಡಾಕ್ಟ್ರು ಕೊಟ್ಟ ಮಾತ್ರೆ ತಿಂದಷ್ಟು ದಿನ ಕಮ್ಮಿ, ಬಿಟ್ಟರೆ ಮತ್ತೆ ಅದೇ ರಾಗ. ಎಂಆರ್‌ಐ ಮಾಡಿಸಿದ್ದೂ ಆಯ್ತು. 'ಡಿಸ್ಕ್ ಬಲ್ಜ್', ಅಂದ್ರೆ ಬೆನ್ನಿನ ಎಲುಬುಗಳ ನಡುವಿನ ಮೆತ್ತೆ ಉಬ್ಬಿದೆ ಅಂತ ಬರೆದಿದ್ದಾರೆ. ಅದನ್ನು ಓದಿದ ಮೇಲೆ ನೋವಿಗಿಂತ ಹೆದರಿಕೆ ಜಾಸ್ತಿ.

ಈಗ ಹೆಂಡತಿಯ ತಮ್ಮ ಹುಬ್ಬಳ್ಳಿಯಲ್ಲಿ ಒಬ್ಬ ಕೈರೋಪ್ರ್ಯಾಕ್ಟರ್ ಹತ್ರ, ಅಂದ್ರೆ ಕೈಯಿಂದಲೇ ಬೆನ್ನೆಲುಬು ಒತ್ತಿ ತಿರುಗಿಸಿ ನೋವಿಗೆ ಚಿಕಿತ್ಸೆ ಕೊಡುವವರ ಹತ್ರ, ನಂಗೆ ಟೈಮ್ ತಗೊಂಡಿದ್ದಾನೆ. ಮುಂದಿನ ವಾರ. ಮೊಬೈಲಲ್ಲಿ ಒಂದೆರಡು ವೀಡಿಯೊ ನೋಡಿದೆ. ಕುತ್ತಿಗೆ ಹಿಡಿದು ಒಮ್ಮೆಲೇ ತಿರುಗಿಸ್ತಾರೆ, ಟಕ್ ಅಂತ ಶಬ್ದ, ಮಲಗಿದವ ಎದ್ದು ನಗ್ತಾನೆ. ನಗುವವರನ್ನೇ ತೋರಿಸ್ತಾರೋ ಏನೋ. ಏನು ಒಯ್ಯಬೇಕು, ಎಂತಾ ಬಟ್ಟೆ ಹಾಕಬೇಕು, ಊಟ ಮಾಡಿ ಹೋಗಬಹುದಾ, ಅದೇ ದಿನ ನಾನೇ ಗಾಡಿ ಹೊಡ್ಕೊಂಡು ವಾಪಸ್ ಬರಬಹುದಾ? ಗೊತ್ತಿದ್ದವರು ಹೇಳಿ.

ಅಡಿಕೆ ಅಂಗಳ, ಶಿರಸಿ

ಅಲ್ದಾ ತಮಾ, ಸೊಂಟ ನೋವು ಹೇಳಿ ಹುಬ್ಬಳ್ಳಿಗೆ ಹೋಪದು ಎಂತಕ್ಕೆ? ನಮ್ಮ ಕಡೆ ಉಳುಕು ತೆಗೆಯುವವರು ಹಳ್ಳಿಗೊಬ್ಬರು ಇದ್ದಾರೆ. ಎಣ್ಣೆ ಹಚ್ಚಿ, ನೀವಿ, ಒಂದು ಎಳೆತ ಎಳೆದರೆ ಮುಗೀತು. ನಮ್ಮ ತೋಟಕ್ಕೆ ಅಡಿಕೆ ಕೊನೆ ಕೊಯ್ಯಲು ಬರುವ ಕೊನೆಗೌಡ ಮರದಿಂದ ಮರಕ್ಕೆ ದಾಟುವಾಗ ಬೆನ್ನು ಹಿಡಿಸಿಕೊಂಡಿದ್ದ, ವಾರದೊಳಗೆ ಮತ್ತೆ ಮರ ಹತ್ತಿದ. ಅದಕ್ಕೇ ಇಂಗ್ಲಿಷ್ ಹೆಸರಿಟ್ಟು ಸಾವಿರಗಟ್ಟಲೆ ತಗೊಳ್ತಾರೆ ಅಷ್ಟೇ.

ಊರು ಬಿಟ್ಟ ಅಂಕೋಲಿಗ, ಬೆಂಗಳೂರು

ನಾನು ಇಲ್ಲಿ ಬೆಂಗಳೂರಿನಲ್ಲಿ ಹೋಗಿದ್ದೆ ಅಣ್ಣ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಬಂದ ಸೊಂಟನೋವು, ನಿಮ್ಮ ಹಾಗೆ ಕಾಲಿಗೆ ಇಳಿದಿರಲಿಲ್ಲ. ವೀಡಿಯೊದಲ್ಲಿ ಕಾಣುವುದು ಕೊನೆಯ ಐದು ನಿಮಿಷ ಮಾತ್ರ. ಅದಕ್ಕೂ ಮುಂಚೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಮಾತು, ಪರೀಕ್ಷೆ. ಬಗ್ಗಿ, ತಿರುಗಿ, ಹಿಮ್ಮಡಿ ಮೇಲೆ ನಡೆಯಿರಿ, ಬೆರಳ ತುದಿ ಮೇಲೆ ನಡೆಯಿರಿ ಅಂತಾರೆ. ಮಲಗಿಸಿ ಕಾಲನ್ನು ನೆಟ್ಟಗೆ ಎತ್ತಿ ಎಲ್ಲಿ ಸೆಳೀತದೆ ನೋಡ್ತಾರೆ. ಮಂಡಿಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾರೆ.

ಆಮೇಲೆ ಬೆಂಚು. ಮುಖ ಇಡುವಲ್ಲಿ ಒಂದು ತೂತು ಇರ್ತದೆ, ಬೋರಲು ಮಲಗಿದರೆ ನಮಗೆ ಕಾಣುವುದು ನೆಲದ ಟೈಲ್ಸ್ ಮತ್ತು ಅವರ ಬೂಟು, ಅಷ್ಟೇ. ಸೊಂಟಕ್ಕೆ ಮಾಡುವಾಗ ಮಗ್ಗುಲಾಗಿ ಮಲಗಿಸ್ತಾರೆ. ಮೇಲಿನ ಕಾಲು ಮಡಚಿ, ಒಂದು ಕೈ ನಮ್ಮ ಭುಜದ ಮೇಲೆ, ಇನ್ನೊಂದು ಸೊಂಟದ ಕೆಳಗೆ. ಉಸಿರು ಬಿಡಿ ಅಂದರು, ಬಿಡುತ್ತಿದ್ದ ಹಾಗೆ ಒಂದು ಸಣ್ಣ ಝಟಕಾ. ಶಬ್ದ ಬಂತು, ನೋವೇನೂ ಆಗಲಿಲ್ಲ. ಮಾರನೇ ದಿನ ಮಾತ್ರ ಮೈ ಕೈ ಬಡಿಸಿಕೊಂಡವರ ಹಾಗಿತ್ತು. ಒಂದು ಎಚ್ಚರಿಕೆ: ಹೊರಗೆ ಬರುತ್ತಿದ್ದ ಹಾಗೆ ಕೌಂಟರಿನವಳು ಪ್ಯಾಕೇಜ್ ಚೀಟಿ ಹಿಡಿದು ಕೂತಿರ್ತಾಳೆ. ಇವತ್ತೇ ಕಟ್ಟಿದರೆ ರಿಯಾಯಿತಿ ಅಂತ. ಕಟ್ಟಬೇಡಿ.

ಕಡಲ ಫಿಸಿಯೋ, ಕಾರವಾರ

ಟೆಂಪೋ ತಮ್ಮಾ, ನಾನು ಫಿಸಿಯೋಥೆರಪಿಸ್ಟ್, ಕೈರೋಪ್ರ್ಯಾಕ್ಟರ್ ಅಲ್ಲ. ಪಕ್ಕದ ಅಂಗಡಿಯವಳ ಮಾತು ಅಂದುಕೊಂಡು ಸ್ವಲ್ಪ ಕಳೆದು ಓದಿ. ರಂಪಣಿ ಬಲೆ ಎಳೆದವರಿಂದ ಹಿಡಿದು ಬ್ಯಾಂಕಿನವರ ತನಕ ದಿನಾ ಸೊಂಟ ನೋಡುವುದೇ ನನ್ನ ಕೆಲಸ.

ಮೊದಲು ಆ ಎಂಆರ್‌ಐ ಹೆದರಿಕೆ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಅವಲೋಕನದಲ್ಲಿ ನೋವೇ ಇಲ್ಲದವರ ಸ್ಕ್ಯಾನುಗಳ ಲೆಕ್ಕ ತೆಗೆದಿದ್ದರು. ಇಪ್ಪತ್ತರ ವಯಸ್ಸಿನವರಲ್ಲೇ ಶೇ. 30 ಜನಕ್ಕೆ, ನಲವತ್ತರವರಲ್ಲಿ ಶೇ. 50 ಜನಕ್ಕೆ, ಎಂಬತ್ತರವರಲ್ಲಿ ಶೇ. 84 ಜನಕ್ಕೆ ಡಿಸ್ಕ್ ಬಲ್ಜ್ ಇತ್ತು. ನಿಮ್ಮ ಪ್ರಾಯದವರನ್ನು ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿ ಸ್ಕ್ಯಾನ್ ಮಾಡಿದರೂ ಸುಮಾರು ಅರ್ಧ ಜನಕ್ಕೆ ಅದೇ ಬರೆದು ಕೊಡ್ತಾರೆ. ಹಾಗಂತ ನಿಮ್ಮ ಕಾಲಿನ ಸೆಳೆತ ಸುಳ್ಳಲ್ಲ. ಸ್ಕ್ಯಾನ್‌ನಲ್ಲಿರುವ ಬಲ್ಜೂ ಕಾಲಿನ ಸೆಳೆತವೂ ಒಂದಕ್ಕೊಂದು ತಾಳೆ ಆಗ್ತದಾ ಅಂತ ಕೈಯಿಂದ ಪರೀಕ್ಷೆ ಮಾಡಿ ನೋಡಬೇಕು. ಅದನ್ನು ಮಾಡದೆ ನೇರ ಬೆಂಚಿಗೆ ಹತ್ತಿಸಿದರೆ ಅಲ್ಲಿಂದಲೇ ಎದ್ದು ಬನ್ನಿ. ರಿಪೋರ್ಟ್ ಕಾಗದ ಮಾತ್ರ ಅಲ್ಲ, ಫಿಲ್ಮನ್ನೂ ಒಯ್ಯಿರಿ.

ಹಿಂದಿನ ರಾತ್ರಿ ಒಂದು ಹಾಳೆ ಹಿಡಿದು ಕೂತ್ಕೊಳ್ಳಿ. ನೋವು ಹೇಗೆ ಶುರುವಾಯ್ತು, ಯಾವಾಗ ಜಾಸ್ತಿ, ಯಾವ ಭಂಗಿಯಲ್ಲಿ ಕಮ್ಮಿ, ಕಾಲಿನಲ್ಲಿ ಎಲ್ಲಿತನಕ ಹೋಗ್ತದೆ, ಜೋಮು ಇದೆಯಾ, ಎಲ್ಲಾ ಬರೀರಿ. ಸಣ್ಣವರಿದ್ದಾಗ ಮರದಿಂದ ಬಿದ್ದದ್ದು, ಬೈಕಿನಿಂದ ಬಿದ್ದದ್ದು, ಆಪರೇಶನ್ ಆಗಿದ್ದರೆ ಅದು. ಮಾತ್ರೆಗಳ ವಿಷಯದಲ್ಲಿ 'ಬಿಳೀದೊಂದು, ಕೆಂಪೊಂದು' ಅಂತ ಹೇಳಿದರೆ ಆಗಲ್ಲ, ಮಾತ್ರೆಯ ಖಾಲಿ ಸ್ಟ್ರಿಪ್‌ಗಳನ್ನೇ ಚೀಲಕ್ಕೆ ಹಾಕ್ಕೊಂಡು ಹೋಗಿ. ರಕ್ತ ತೆಳು ಮಾಡುವ ಮಾತ್ರೆ, ವಾರ್ಫರಿನ್, ಅಸಿಟ್ರೋಮ್ ಅಂಥವು ಇದ್ದರೆ ಅವರು ಕೇಳುವ ತನಕ ಕಾಯಬೇಡಿ, ನೀವೇ ಮೊದಲು ಹೇಳಿ. ವೈಸೋಲೋನ್‌ನಂಥ ಸ್ಟೀರಾಯ್ಡ್ ಬಹಳ ಕಾಲ ತಿಂದಿದ್ದರೂ ಹಾಗೇ, ಅದು ಎಲುಬು ಸವೆಸ್ತದೆ.

ಬಟ್ಟೆಗೆ ಟ್ರ್ಯಾಕ್ ಪ್ಯಾಂಟು, ಟೀ ಶರ್ಟು ಸಾಕು. ಜೀನ್ಸು, ದಪ್ಪ ಬೆಲ್ಟು ಬೇಡ. ಲುಂಗಿಯಂತೂ ಬೇಡವೇ ಬೇಡ, ಕಾಲು ಎತ್ತಿಸಿ ನೋಡ್ತಾರೆ ಮಾರಾಯ್ರೆ! ಹೆಂಗಸರಾದರೆ ಸೀರೆಗಿಂತ ಚೂಡಿದಾರ್ ಅನುಕೂಲ, ಜೊತೆಗೆ ಒಬ್ಬರನ್ನು ಕೋಣೆಯೊಳಗೇ ಕೂರಿಸಿಕೊಳ್ಳಬಹುದು, ಅದಕ್ಕೆ ಸಂಕೋಚ ಬೇಡ. ಹೊಟ್ಟೆ ತುಂಬ ಮೀನೂಟ ಮಾಡಿ ಬೋರಲು ಮಲಗಿದರೆ ಏನಾಗ್ತದೆ ಅಂತ ನಾನು ಹೇಳಬೇಕಾಗಿಲ್ಲ. ಹಗುರಾಗಿ ತಿಂದು ಎರಡು ಗಂಟೆ ಬಿಟ್ಟು ಹೋಗಿ.

ವಾಪಸ್ ಬರುವುದು: ಅವತ್ತೇ ಅರಬೈಲ್ ಘಟ್ಟ ಇಳಿಸಿಕೊಂಡು ಸ್ಟಿಯರಿಂಗ್ ಹಿಡಿಯಬೇಡಿ. ಒಂದೆರಡು ದಿನ ಮೈ ನೋವು, ಬಿಗಿತ, ಕೆಲವರಿಗೆ ಸ್ವಲ್ಪ ತಲೆನೋವು ಬರುವುದು ಸಾಮಾನ್ಯ. ಭಾವನೆಂಟನ ಮನೇಲಿ ಉಳಿದು ಸಂಜೆ ಸ್ವಲ್ಪ ನಡೆದಾಡಿ.

ಘಟ್ಟದ ಟೆಂಪೋ, ಕುಮಟಾ

ಅಕ್ಕಾ, ಬಹಳ ಉಪಕಾರ. ಹಾಳೆ ತಗೊಂಡು ಕೂತೆ, ಬರೀತಾ ಹೋದ ಹಾಗೆ ಹತ್ತನೇ ಕ್ಲಾಸಿನಲ್ಲಿ ಗೇರು ಮರದಿಂದ ಬಿದ್ದದ್ದೆಲ್ಲಾ ನೆನಪಾಯ್ತು. ಒಂದು ಡೌಟು. ಆ ಟಕ್ ಅನ್ನೋದು ಎಲುಬು ಜಾಗಕ್ಕೆ ಕೂತದ್ದಾ?

ಕಡಲ ಫಿಸಿಯೋ, ಕಾರವಾರ

ಅಲ್ಲ. ಬೆನ್ನೆಲುಬಿನ ಸಣ್ಣ ಸಣ್ಣ ಕೀಲುಗಳಲ್ಲಿ ದ್ರವ ಇರ್ತದೆ, ಆ ದ್ರವದಲ್ಲಿ ಅನಿಲ ಕರಗಿರ್ತದೆ. ಕೀಲನ್ನು ಒಮ್ಮೆಲೇ ಅಗಲಿಸಿದಾಗ ಒತ್ತಡ ಇಳಿದು ಅನಿಲ ಗುಳ್ಳೆಯಾಗ್ತದೆ, ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ. ಬೆರಳು ನೆಟಿಗೆ ಮುರಿದಾಗ ಬರುವುದೂ ಅದೇ ಶಬ್ದ. ಎಲುಬು ಜಾಗ ಬಿಟ್ಟು ಹೋಗಿದ್ದೂ ಇಲ್ಲ, ವಾಪಸ್ ಕೂತದ್ದೂ ಇಲ್ಲ. ಶಬ್ದ ಬಂದರೆ ಗುಣ, ಬರದಿದ್ದರೆ ಕೆಲಸ ಆಗಲಿಲ್ಲ ಅಂತಲೂ ಇಲ್ಲ. ಮನೇಲಿ ಮಕ್ಕಳ ಹತ್ರ ಬೆನ್ನು ತುಳಿಸಿಕೊಂಡು ಶಬ್ದ ತರಿಸೋಕೆ ಹೋಗಬೇಡಿ.

ಅಡಿಕೆ ಅಂಗಳ, ಶಿರಸಿ

ಹಾಗಾದರೆ ನಮ್ಮ ಉಳುಕು ತೆಗೆಯುವವನೂ ಇದನ್ನೇ ಮಾಡ್ತಾನಲ್ಲ ತಂಗೀ. ಅವನಿಗೆ ಸರ್ಟಿಫಿಕೇಟ್ ಇಲ್ಲ ಅನ್ನೋದು ಬಿಟ್ಟರೆ ಏನು ವ್ಯತ್ಯಾಸ?

ವಾರ್ಡ್ ಸಿಸ್ಟರ್, ಹೊನ್ನಾವರ

ಹೆಗಡೆಯವರೇ ಅಂದುಕೊಳ್ತೇನೆ, ಅಲ್ಲದಿದ್ದರೆ ಕ್ಷಮಿಸಿ. ವ್ಯತ್ಯಾಸ ಕೈಯಲ್ಲಿಲ್ಲ, ಯಾರಿಗೆ ಕೈ ಹಚ್ಚಬಾರದು ಅಂತ ಗೊತ್ತಿರುವುದರಲ್ಲಿದೆ. ಉಳುಕು ತೆಗೆಸಿಕೊಂಡು ನೋವು ಜಾಸ್ತಿಯಾಗಿ ಬಂದವರನ್ನು ನಾವು ವಾರ್ಡಿನಲ್ಲಿ ನೋಡಿದ್ದೇವೆ. ಎಕ್ಸ್‌ರೇ ತೆಗೆದರೆ ಎಲುಬೇ ಮುರಿದಿರ್ತದೆ. ಅಜ್ಜಿಯಂದಿರಿಗೆ ಬಚ್ಚಲಲ್ಲಿ ಜಾರಿ ಕೂತದ್ದಕ್ಕೇ ಬೆನ್ನಿನ ಎಲುಬು ಕುಸಿದಿರಬಹುದು, ಹೊರಗೆ ಏನೂ ಕಾಣುವುದಿಲ್ಲ.

ಟೆಂಪೋ ಅಣ್ಣ, ನಿಮಗೆ ಕೆಲವು ಪ್ರಶ್ನೆ. ನಾಚಿಕೆ ಬಿಟ್ಟು ನಿಮಗೆ ನೀವೇ ಉತ್ತರ ಹೇಳಿಕೊಳ್ಳಿ. ಮೂತ್ರ ಬರುವುದು ಗೊತ್ತಾಗದೆ ಇರುವುದು, ಕಟ್ಟಿಕೊಳ್ಳುವುದು, ಮಲ ಹಿಡಿತ ತಪ್ಪುವುದು ಇದೆಯಾ? ಸೈಕಲ್ ಸೀಟಿಗೆ ತಾಗುವ ಜಾಗದಲ್ಲಿ ಜೋಮು ಹಿಡಿದಿದೆಯಾ? ಪಾದ ಎತ್ತಲಾಗದೆ ಚಪ್ಪಲಿ ಜಾರಿ ಹೋಗ್ತದಾ, ದಿನದಿಂದ ದಿನಕ್ಕೆ ಕಾಲು ಸೋಲ್ತಿದೆಯಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಕೈರೋ, ಫಿಸಿಯೋ, ಉಳುಕು ಎಲ್ಲಾ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆನ್ನೆಲುಬಿನ ಕೆಳತುದಿಯ ನರಗಳ ಗುಚ್ಛ ಒತ್ತಿ ಹೋದರೆ ಗಂಟೆಗಳ ಲೆಕ್ಕ. ನಮ್ಮ ಜಿಲ್ಲೆಯಿಂದ ದೊಡ್ಡ ಆಸ್ಪತ್ರೆ ಎಷ್ಟು ದೂರ ಅಂತ ನಿಮಗೆ ಬೇರೆ ಹೇಳಬೇಕಾಗಿಲ್ಲ, ಗಾಡಿ ಓಡಿಸುವವರು ನೀವೇ. ಮಣಿಪಾಲವೋ ಹುಬ್ಬಳ್ಳಿಯೋ ಗೋವಾವೋ, ಘಟ್ಟವೋ ಹೆದ್ದಾರಿಯೋ, ಹೊರಡುವುದರಲ್ಲೇ ತಡ ಮಾಡಬಾರದು.

ಇನ್ನೊಂದು. ಸಂಜೆ ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು, ಮಲಗಿದರೂ ಬಿಡದ ಬೆನ್ನುನೋವು ಇದ್ದರೆ ಬೆನ್ನೆಲುಬಿನ ಟಿಬಿ ಇರಬಹುದು. ಟಿಬಿ ಅಂದರೆ ಕೆಮ್ಮು ಮಾತ್ರ ಅಂತ ಜನ ತಿಳಿದಿದ್ದಾರೆ. ಹಿಂದೆ ಕ್ಯಾನ್ಸರ್ ಆಗಿದ್ದವರಿಗೂ ಹೊಸ ಬೆನ್ನುನೋವು ಬಂದರೆ ಮೊದಲು ಡಾಕ್ಟರ್. ಮತ್ತೆ ನಮ್ಮ ಕಡೆಯದೇ ಒಂದು ಮಾತು: ಮಂಗನ ಕಾಯಿಲೆಯ ಸೀಸನ್ನಿನಲ್ಲಿ, ಬೇಸಿಗೆಯತ್ತ, ಕಾಡಿಗೆ ಸೊಪ್ಪಿಗೆ ಹೋಗಿಬಂದವರಿಗೆ ಏಕಾಏಕಿ ಜ್ವರದ ಜೊತೆ ಮೈಕೈ, ಸೊಂಟ ಮುರಿಯುವಷ್ಟು ನೋವು ಬಂದರೆ ಅದು ಉಳುಕಲ್ಲ. ಸಿದ್ದಾಪುರ, ಹೊನ್ನಾವರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಘಟ್ಟದ ಟೆಂಪೋ, ಕುಮಟಾ

ಸಿಸ್ಟರ್, ಅದ್ಯಾವುದೂ ಇಲ್ಲ. ಸೆಳೆತ ಮಾತ್ರ. ಓದುವಾಗ ಎದೆ ಧಸಕ್ ಅಂತು, ಆದರೂ ಕೇಳಿದ್ದು ಒಳ್ಳೇದಾಯ್ತು.

ಮುರುಡೇಶ್ವರದ ಮಗಳು, ಭಟ್ಕಳ ತಾಲೂಕು

ಮಧ್ಯೆ ಬಾಯಿ ಹಾಕ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ನನ್ನ ಅಮ್ಮನಿಗೆ ಅರವತ್ತೆಂಟು. ಸಂಧಿವಾತ, ಬೆರಳೆಲ್ಲಾ ಸೊಟ್ಟಗಾಗಿವೆ, ವೈಸೋಲೋನ್ ಬಹಳ ವರ್ಷದಿಂದ ನಡೀತಿದೆ. ಈಗ ಕುತ್ತಿಗೆ ನೋವು. ಕೈರೋ ಮಾಡುವವರು ಇಲ್ಲಿ ಒಂದು ಹಾಲ್‌ನಲ್ಲಿ ಕ್ಯಾಂಪ್ ಹಾಕ್ತಾರಂತೆ, ಅಕ್ಕಪಕ್ಕದವರೆಲ್ಲಾ ಹೆಸರು ಕೊಟ್ಟಿದ್ದಾರೆ. ಅಮ್ಮನ್ನೂ ಕರ್ಕೊಂಡು ಹೋಗಲಾ?

ಕಡಲ ಫಿಸಿಯೋ, ಕಾರವಾರ

ಬೇಡ ತಂಗೀ. ರುಮಟಾಯ್ಡ್ ಸಂಧಿವಾತ ಕುತ್ತಿಗೆಯ ಮೇಲ್ತುದಿಯ ಎರಡು ಎಲುಬುಗಳ ನಡುವಿನ ಕಟ್ಟನ್ನೇ ಸಡಿಲ ಮಾಡಿರಬಹುದು. ಅಲ್ಲೇ ಬೆನ್ನುಹುರಿ ಹಾದು ಹೋಗುವುದು. ಅದರ ಮೇಲೆ ಸ್ಟೀರಾಯ್ಡ್, ವಯಸ್ಸು. ಅಮ್ಮನ ಕುತ್ತಿಗೆಗೆ ಯಾರೂ ಝಟಕಾ ಕೊಡಬಾರದು, ಕ್ಯಾಂಪಿನವರೂ ಕೊಡಬಾರದು, ನಾನೂ ಕೊಡಬಾರದು. ಸಂಧಿವಾತ ನೋಡುವ ಡಾಕ್ಟರಿಗೇ ಮೊದಲು ತೋರಿಸಿ. ಹಾಲ್‌ನಲ್ಲಿ ಸಾಲು ಹಚ್ಚಿ ಒಬ್ಬೊಬ್ಬರಿಗೆ ಎರಡು ನಿಮಿಷದಲ್ಲಿ ಮುಗಿಸುವಲ್ಲಿ ಯಾರ ಹಿಂದಿನ ಕಥೆಯನ್ನು ಯಾರು ಕೇಳ್ತಾರೆ ಹೇಳಿ?

ಕುತ್ತಿಗೆಯ ಮಾತು ಬಂತಲ್ಲ, ಎಲ್ಲರಿಗೂ ಹೇಳ್ತೇನೆ. ಕುತ್ತಿಗೆಯ ಎಲುಬಿನೊಳಗೆ ಮಿದುಳಿಗೆ ಹೋಗುವ ರಕ್ತನಾಳ ಇದೆ. ಕುತ್ತಿಗೆ ಜೋರಾಗಿ ತಿರುಗಿಸಿದ ಮೇಲೆ ಅದರ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ದಾಖಲಾಗಿವೆ. ಅಪರೂಪ, ಹೌದು. ಆದರೆ ಸೊಂಟನೋವಿಗೆ ಹೋದವರು ಕುತ್ತಿಗೆ ಯಾಕೆ ಕೊಡಬೇಕು? 'ಕುತ್ತಿಗೆ ಮುಟ್ಟಬೇಡಿ' ಅಂತ ಮೊದಲೇ ಹೇಳಿ. ಸರಿಯಾದವರು ಒಪ್ಪುತ್ತಾರೆ. ಅಂಥದ್ದು ಮಾಡಿಸಿಕೊಂಡ ಮೇಲೆ ಹಿಂದೆಂದೂ ಬಂದಿರದಂಥ ತಲೆನೋವು, ತಲೆಸುತ್ತು, ಒಂದು ಎರಡಾಗಿ ಕಾಣುವುದು, ಮಾತು ತೊದಲುವುದು, ನಡಿಗೆ ಓಲಾಡುವುದು ಕಂಡರೆ ಮನೇಲಿ ಮಲಗಬೇಡಿ, 108ಕ್ಕೆ ಫೋನ್ ಮಾಡಿ.

ನಿವೃತ್ತ ಮಾಸ್ತರು, ಯಲ್ಲಾಪುರ

ಚರ್ಚೆ ಚೆನ್ನಾಗಿ ನಡೆದಿದೆ. ಹಿನ್ನೆಲೆ ಒಂದಿಷ್ಟು ಇರಲಿ. ಈ ಪದ್ಧತಿ ಶುರುವಾದದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡೆವನ್‌ಪೋರ್ಟ್ ಊರಿನಲ್ಲಿ. ಡಿ. ಡಿ. ಪಾಮರ್ ಎಂಬಾತ ಹಾರ್ವಿ ಲಿಲ್ಲಾರ್ಡ್ ಎಂಬ ಕಿವಿ ಕೇಳದ ಕೆಲಸಗಾರನ ಬೆನ್ನು ಒತ್ತಿ ಕಿವಿ ಕೇಳಿಸುವಂತೆ ಮಾಡಿದೆ ಎಂದು ಹೇಳಿಕೊಂಡ. ರೋಗವೆಲ್ಲ ಬೆನ್ನೆಲುಬಿನಿಂದಲೇ ಎಂಬ ಅವನ ವಾದ ಅಲ್ಲಿಂದ ಬೆಳೆಯಿತು. ಇವತ್ತಿಗೂ ಸಕ್ಕರೆ ಕಾಯಿಲೆ, ಉಬ್ಬಸ ಬೆನ್ನು ಒತ್ತಿ ವಾಸಿ ಮಾಡುತ್ತೇವೆ ಎನ್ನುವವರು ಸಿಕ್ಕರೆ ಅವರು 1895ರಲ್ಲೇ ನಿಂತಿದ್ದಾರೆ ಎಂದು ತಿಳಿಯಿರಿ.

ಸೊಂಟನೋವಿನ ಮಟ್ಟಿಗೆ ಮಾತು ಬೇರೆ. ಅಮೆರಿಕದ ವೈದ್ಯರ ಕಾಲೇಜು 2017ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಮಾತ್ರೆಗೆ ಮೊದಲು ನೋಡಬಹುದಾದ ದಾರಿಗಳಲ್ಲಿ ಇದೂ ಒಂದು. ಬ್ರಿಟನ್ನಿನ 2016ರ ಮಾರ್ಗಸೂಚಿ ವ್ಯಾಯಾಮದ ಜೊತೆ ಸೇರಿಸಿ ಮಾಡುವುದಾದರೆ ಮಾತ್ರ ಸರಿ ಎಂದಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹಳೆಯ ಸೊಂಟನೋವಿಗೆ ಕೊಟ್ಟ ಸಲಹೆಯಲ್ಲೂ ವ್ಯಾಯಾಮ, ತಿಳಿವಳಿಕೆಗಳ ಜೊತೆ ಇದಕ್ಕೆ ಜಾಗ ಉಂಟು. ಅದೇ ಸಲಹೆಯಲ್ಲಿ ಸೊಂಟದ ಬೆಲ್ಟು, ಸೊಂಟ ಎಳೆದು ಹಿಡಿಯುವ ಟ್ರ್ಯಾಕ್ಷನ್ ಬೇಡ ಎಂದಿದೆ. ಮೆಡಿಕಲ್ ಅಂಗಡಿಯಲ್ಲಿ ತೂಗಿಬಿಟ್ಟಿರುವ ಬೆಲ್ಟುಗಳನ್ನು ನೋಡಿದಾಗ ನೆನಪಾಗುತ್ತದೆ.

ಓದಿನ ವಿಷಯ ಕೇಳಲು ಹಿಂಜರಿಯಬೇಡಿ. ಬ್ರಿಟನ್ನಿನಲ್ಲಿ 1994ರ ಕಾಯ್ದೆಯಂತೆ ನೋಂದಾಯಿಸದೆ ಯಾರೂ ಕೈರೋಪ್ರ್ಯಾಕ್ಟರ್ ಎಂದು ಹೇಳಿಕೊಳ್ಳುವಂತಿಲ್ಲ. ನಮ್ಮಲ್ಲಿ ವೈದ್ಯರಿಗಿರುವಂತೆ ಇದಕ್ಕೊಂದು ಪ್ರತ್ಯೇಕ ಶಾಸನಬದ್ಧ ಮಂಡಳಿ ಇಲ್ಲ. ಹೊರದೇಶದಲ್ಲಿ ವರ್ಷಗಟ್ಟಲೆ ಓದಿ ಬಂದವನೂ, ವಾರಾಂತ್ಯದ ತರಗತಿ ಮುಗಿಸಿದವನೂ ಒಂದೇ ಬೋರ್ಡು ಹಾಕಬಹುದು. ಗೋಡೆಯ ಮೇಲೆ ನಟರ ಜೊತೆಗಿನ ಫೋಟೊಗಳ ನಡುವೆ ಪದವಿ ಪ್ರಮಾಣಪತ್ರ ಎಲ್ಲಿದೆ ಹುಡುಕಿ.

ಅಡಿಕೆ ಅಂಗಳ, ಶಿರಸಿ

ಮಾಸ್ತರೇ, ಬೆಲ್ಟು ಬೇಡ ಅಂದಿರಲ್ಲ, ನಾನು ಕಟ್ಟಿಕೊಂಡೇ ಇದನ್ನು ಟೈಪ್ ಮಾಡ್ತಿದ್ದೆ. ಇರಲಿ. ಅಜ್ಜಿಯರ ವಿಷಯಕ್ಕೆ ಸಿಸ್ಟರ್ ಹೇಳಿದ್ದನ್ನು ಒಪ್ಪಿದೆ. ಕೊನೆಗೌಡನ ವಿಷಯ ಮಾತ್ರ ಒಪ್ಪುವುದಿಲ್ಲ, ಅವನಿಗೆ ಗುಣ ಆಗಿದ್ದು ಹೌದು.

ಕಡಲ ಫಿಸಿಯೋ, ಕಾರವಾರ

ಆಗಿರಬಹುದು ಅಣ್ಣಾ. ಹೊಸದಾಗಿ ಹಿಡಿದ ಸೊಂಟ ಹೆಚ್ಚಿನವರಿಗೆ ಕೆಲವು ವಾರದಲ್ಲಿ ತಾನಾಗೇ ಬಿಡ್ತದೆ. ಆ ಸಮಯದಲ್ಲಿ ಯಾರ ಹತ್ರ ಹೋಗಿದ್ದರೋ ಅವರಿಗೆ ಹೆಸರು ಬರ್ತದೆ. ನನಗೂ ಹಾಗೇ ಬಂದಿದೆ, ನಾನು ಬೇಡ ಅಂದಿಲ್ಲ.

ಘಟ್ಟದ ಟೆಂಪೋ, ಕುಮಟಾ

ಹೋಗಿ ಬಂದೆ. ಕೇಳಿದವರಿಗಾಗಿ ವಿವರ ಬರೀತೇನೆ.

ಬಸ್ಸಿನಲ್ಲೇ ಹೋದೆ. ಹಾಳೆ ಕೊಟ್ಟಾಗ ಆ ಕೈರೋಪ್ರ್ಯಾಕ್ಟರ್ ಪೂರ್ತಿ ಓದಿದರು, ಗೇರು ಮರದ ಬಗ್ಗೆಯೇ ಮೂರ್ನಾಲ್ಕು ಪ್ರಶ್ನೆ ಕೇಳಿದರು. ಸಿಸ್ಟರ್ ಕೇಳಿದ ಪ್ರಶ್ನೆಗಳನ್ನೇ ಅವರೂ ಕೇಳಿದರು. ಹಿಮ್ಮಡಿ ನಡಿಗೆ, ಸುತ್ತಿಗೆ ಎಲ್ಲಾ ಆಯ್ತು. ಫಿಲ್ಮ್ ಬೆಳಕಿಗೆ ಹಿಡಿದು ನೋಡಿ, 'ಕಾಲಿನ ಶಕ್ತಿ ಸರಿ ಇದೆ, ಆದರೆ ನರ ಸಿಟ್ಟಾಗಿದೆ, ಇವತ್ತು ತಿರುಗಿಸುವ ಝಟಕಾ ಬೇಡ' ಅಂದರು. ನಂಗೆ ಒಳಗೊಳಗೇ ಸಮಾಧಾನ, ಭಾವನೆಂಟನಿಗೆ ನಿರಾಸೆ. ಅವ ವೀಡಿಯೊ ಮಾಡಲು ಮೊಬೈಲ್ ಹಿಡಿದು ನಿಂತಿದ್ದ. ಬೋರಲು ಮಲಗಿಸಿ ಸೊಂಟವನ್ನು ನಿಧಾನ ಒತ್ತಿ ಸಡಿಲ ಮಾಡಿದರು, ಬೆಂಚಿನ ಒಂದು ಭಾಗ ಮಾತ್ರ ಸ್ವಲ್ಪ ಕೆಳಗೆ ಕುಸಿಯುವ ಹಾಗಿತ್ತು. ಕುತ್ತಿಗೆ ಬೇಡ ಅಂದೆ, ಆಯ್ತು ಅಂದರು. ಏನು ಮಾಡ್ತಾರೆ, ಏನಾಗಬಹುದು ಅಂತ ಬರೆದ ಕಾಗದಕ್ಕೆ ಸಹಿ ತಗೊಂಡರು. ಇಂಗ್ಲಿಷಿನಲ್ಲಿತ್ತು, ಓದಿ ಹೇಳಿ ಅಂದೆ, ಹೇಳಿದರು.

ಆಮೇಲೆ ಕೇಳಿದ್ದೇ ನನ್ನ ಸೀಟಿನ ವಿಷಯ. ಹಿಂದಿನ ಜೇಬಿನಲ್ಲಿದ್ದ ಪರ್ಸ್ ತೆಗೆಸಿ ಮೇಜಿನ ಮೇಲಿಟ್ಟರು. ಲೈಸೆನ್ಸು, ಡೀಸೆಲ್ ಚೀಟಿ, ಧರ್ಮಸ್ಥಳದ ಫೋಟೊ ಎಲ್ಲಾ ಸೇರಿ ಎರಡು ಬೆರಳು ದಪ್ಪ. ದಿನಾ ಅದರ ಮೇಲೆ ಕೂತು ಘಟ್ಟ ಹತ್ತೋದು. ಈಗ ಅದು ಡ್ಯಾಶ್‌ಬೋರ್ಡಿನಲ್ಲಿದೆ. ಪ್ಯಾಕೇಜ್ ಚೀಟಿ ಅಂಕೋಲಿಗ ತಮ್ಮ ಹೇಳಿದ ಹಾಗೇ ಬಂತು, ಮನೇಲಿ ಕೇಳಿ ಹೇಳ್ತೇನೆ ಅಂದು ಎದ್ದು ಬಂದೆ. ಮಾರನೇ ದಿನ ಸೊಂಟ ಸ್ವಲ್ಪ ಬಿಗಿದಿತ್ತು. ಈಗ ಸೆಳೆತ ಮಂಡಿತನಕ ಬರ್ತಿಲ್ಲ, ತೊಡೆಯಲ್ಲೇ ನಿಲ್ತದೆ. ಇದು ಅವರಿಂದಲೋ, ಪರ್ಸ್ ತೆಗೆದದ್ದರಿಂದಲೋ, ಎರಡು ದಿನ ಗಾಡಿ ಬಿಟ್ಟದ್ದರಿಂದಲೋ ಹೇಳಲಾರೆ.

ಕಡಲ ಫಿಸಿಯೋ, ಕಾರವಾರ

ನೋವು ಕಾಲಿನಿಂದ ಮೇಲಕ್ಕೆ ಸರಿಯುವುದು ಒಳ್ಳೆ ಸೂಚನೆ. ವ್ಯಾಯಾಮ ಏನಾದರೂ ಹೇಳಿಕೊಟ್ಟರಾ?

ಘಟ್ಟದ ಟೆಂಪೋ, ಕುಮಟಾ

ಹ್ಞೂಂ ಅಕ್ಕಾ, ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತೋದು, ಮತ್ತೆ ಬೆನ್ನ ಮೇಲೆ ಮಲಗಿ ಸೊಂಟ ಎತ್ತೋದು. ಎರಡನೆಯದು ಮಾಡುವಾಗ ಮಕ್ಕಳು ನಗ್ತಾರೆ.

ಮುರುಡೇಶ್ವರದ ಮಗಳು, ಭಟ್ಕಳ ತಾಲೂಕು

ಅಮ್ಮನ ಹೆಸರು ಕ್ಯಾಂಪಿನ ಪಟ್ಟಿಯಿಂದ ತೆಗೆಸಿದೆ. ಡಾಕ್ಟರು ಕುತ್ತಿಗೆಯ ಎಕ್ಸ್‌ರೇ ಬರೆದುಕೊಟ್ಟಿದ್ದಾರೆ, ತಲೆ ಬಗ್ಗಿಸಿ ಒಂದು, ಎತ್ತಿ ಒಂದು. ಅದಕ್ಕೆ ಮಂಗಳೂರಿಗೇ ಹೋಗಬೇಕಾ, ಇಲ್ಲೇ ಆಗ್ತದಾ?

ವಾರ್ಡ್ ಸಿಸ್ಟರ್, ಹೊನ್ನಾವರ

ಸಾಧಾರಣ ಎಕ್ಸ್‌ರೇ ಮಶೀನಿನಲ್ಲೇ ಆಗ್ತದೆ, ಹತ್ತಿರದಲ್ಲೇ ತೆಗೆಸಿ. ತೆಗೆಯುವವರಿಗೆ ಸಂಧಿವಾತ ಇದೆ ಅಂತ ಮೊದಲೇ ಹೇಳಿ. ಅಮ್ಮ ತಾವಾಗಿ ಎಷ್ಟು ಬಗ್ಗಿಸ್ತಾರೋ ಅಷ್ಟೇ ಸಾಕು, ಅವರು ಹಿಡಿದು ಬಗ್ಗಿಸುವುದು ಬೇಡ.